ಟ್ಯಾಂಕಿನ ಏರು, ಮೂರನೇ ಗೇರು

ಫೆಬ್ರವರಿ 3

ಆಯಿಲ್ ಕಂಪನಿಯವರು ಪ್ರತಿ ವರ್ಷ ಪುಕ್ಕಟೆ ಕೊಡುವ ಡೈರಿ ಇದು. ನನ್ನ ಗಂಡ ಇದರ ಹಾಳೆ ಹರಿದು ಕೈಗಂಟಿದ ಗ್ರೀಸ್ ಒರೆಸಿಕೊಳ್ಳುತ್ತಿದ್ದರು. ಅರ್ಧ ವರ್ಷ ಕಳೆಯುವುದರೊಳಗೆ ಬರೀ ರಟ್ಟು ಉಳಿದಿರುತ್ತಿತ್ತು. ಈ ವರ್ಷ ಹರಿಯುವವರಿಲ್ಲ. ಅಕ್ಕ ಫೋನಿನಲ್ಲಿ, "ಯಾರ ಹತ್ರಾನೂ ಬಾಯಿ ಬಿಡಲ್ಲ ಅಂದ್ರೆ ಬರೆದಾದ್ರೂ ಇಡೇ" ಅಂದಳು. ಸರಿ ಅಂದೆ. ಈಗೀಗ ಯಾರು ಏನು ಹೇಳಿದರೂ ಸರಿ ಅಂದುಬಿಡುತ್ತೇನೆ, ಮಾತು ಬೇಗ ಮುಗಿಯುತ್ತದೆ.

ಅವರು ಹೋದದ್ದು ಡಿಸೆಂಬರಿನಲ್ಲಿ. ಕಾರುಗಳ ಜೋರು ಹೆಚ್ಚಿಸಿಕೊಡುವ ನಮ್ಮ ಅಂಗಡಿಯ ಷಟರ್ ಇವತ್ತು ಎತ್ತಿದೆವು. ಮೈದುನ ತನ್ನ ಕೆಲಸಕ್ಕೆ ರಜೆ ಹಾಕಿ ಬಂದಿದ್ದಾನೆ. ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು, ವೈರು ಪ್ಲಗ್ಗು ಅಂದರೆ ಹೆದರುವುದಿಲ್ಲ. "ಅಣ್ಣ ಮಾಡ್ತಿದ್ದಿದ್ದನ್ನ ಒಂದ್ಸಲ ಹೇಳ್ಕೊಡಿ ಅತ್ತಿಗೆ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದ.

ಹೇಳಿಕೊಟ್ಟೆ. ಮಾಡ್ಯೂಲ್ ಅಂದರೆ ಸೋಪಿನ ಡಬ್ಬಿಯಷ್ಟು ಗಾತ್ರದ ಕಪ್ಪು ಪೆಟ್ಟಿಗೆ. ಡೀಸೆಲ್ ಪೈಪಿನ ಒತ್ತಡ ಅಳೆಯುವ ಸೆನ್ಸರಿಗೂ ಎಂಜಿನ್ನಿನ ಕಂಪ್ಯೂಟರಿಗೂ ನಡುವೆ ಅದನ್ನು ಸಿಕ್ಕಿಸಬೇಕು. ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ, ಎಂಜಿನ್ನಿಗೆ ಇನ್ನಷ್ಟು ಡೀಸೆಲ್ ಸಿಗುತ್ತದೆ, ಕಾರು ಚುರುಕಾಗುತ್ತದೆ. ಸುಳ್ಳು ಎಷ್ಟಿರಬೇಕು ಎನ್ನುವುದಕ್ಕೆ ಒಂದರಿಂದ ಐದರ ತನಕ ತಿರುಗಿಸುವ ಗುಂಡಿ ಇದೆ.

"ಅಂದ್ರೆ, ಮನೇಲಿ ಹೊಟ್ಟೆ ತುಂಬ ತಿಂದು ಪಕ್ಕದ ಮನೇಗೆ ಹೋಗಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ನೋ ಮಗು ಥರ" ಅಂದ ಮೈದುನ.

ಅದು ನಗಬೇಕಾದ ಜಾಗ. ನಕ್ಕೆ.

ಫೆಬ್ರವರಿ 5

ಎರಡು ಕಾರು ಬಂದವು. ಮೈದುನ ಮಾಡ್ಯೂಲ್ ಸಿಕ್ಕಿಸಿದ. ನಾನು ಓಡಿಸಿ ನೋಡಿದೆ. ಎರಡಕ್ಕೂ ಮೂರನೇ ಸೆಟ್ಟಿಂಗ್ ಅಂದೆ. ಊಟ ಮಾಡಿದೆ. ಏನು ಊಟ ಎಂದು ನೆನಪಿಲ್ಲ.

ಫೆಬ್ರವರಿ 8

ಈ ವ್ಯಾಪಾರದಲ್ಲಿ ಅವರ ಪಾಲು ಕೈಯದು, ನನ್ನ ಪಾಲು ಬೆನ್ನಿನದು. ಮದುವೆಯಾದ ಹೊಸದರಲ್ಲಿ ಒಂದು ದಿನ ಸುಮ್ಮನೆ ಒಂದು ಕಾರು ಓಡಿಸಿ, "ಇದು ಏರಿನ ನಡುಮಧ್ಯ ಉಸಿರು ಬಿಡ್ತಿದೆ ಕಣ್ರೀ" ಅಂದಿದ್ದೆ. ತೆರೆದು ನೋಡಿದರೆ ಗಾಳಿಯ ಪೈಪು ಸೀಳಿತ್ತು. ಅಂದಿನಿಂದ ಓಡಿಸಿ ನೋಡುವ ಕೆಲಸ ನನಗೇ ಅಂಟಿತು. ಮಾಡ್ಯೂಲ್ ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ. ನೀರಿನ ಟ್ಯಾಂಕಿಗೆ ಹೋಗುವ ಏರುರಸ್ತೆಯ ಬುಡದಲ್ಲಿ ಮೂರನೇ ಗೇರಿಗೆ ಹಾಕಿ ಕಾಲು ಒತ್ತುವುದು. ಮೀಟರ್ ನೋಡುವುದಿಲ್ಲ. ಸೀಟು ಬೆನ್ನನ್ನು ಎಷ್ಟು ಒತ್ತಿತು, ಒತ್ತಿದ್ದು ತುದಿಯ ತನಕ ನಿಂತಿತೋ ನಡುವೆ ಕೈಬಿಟ್ಟಿತೋ, ಅಷ್ಟೇ ಗಮನ. ವಾಪಸು ಬರುವಾಗ ಅವರು ಗೇಟಿನ ಹತ್ತಿರ ನಿಂತಿರುತ್ತಿದ್ದರು. "ಏನಂತೆ ಬೆನ್ನು?" ಅನ್ನುತ್ತಿದ್ದರು. ನಾನು ನಂಬರ್ ಹೇಳುತ್ತಿದ್ದೆ, ಅವರು ಗುಂಡಿ ತಿರುಗಿಸುತ್ತಿದ್ದರು. ಒಂದು ದಿನವೂ ಮರುಪ್ರಶ್ನೆ ಹಾಕಿದವರಲ್ಲ.

ಅವರು ಹೋದ ದಿನವೂ ನಾನು ಏರಿನ ಮೇಲಿದ್ದೆ. ಕಾರು ಚೆನ್ನಾಗಿ ಎಳೆದಿತ್ತು. ವಾಪಸು ಬಂದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಒಳಗೆ ನಲ್ಲಿಯ ಹತ್ತಿರ ಬಿದ್ದಿದ್ದರು, ಊಟದ ಡಬ್ಬಿ ತೊಳೆಯುತ್ತಿದ್ದರೆಂದು ಕಾಣುತ್ತದೆ. ನೀರು ಹರಿಯುತ್ತಲೇ ಇತ್ತು.

ಬರೆಯಬೇಕೆಂದುಕೊಂಡದ್ದು ಇದಲ್ಲ. ಬರೆಯಬೇಕಾದದ್ದು ಏನೆಂದರೆ, ಬೆನ್ನಿಗೆ ಈಗ ಏನೂ ತಿಳಿಯುತ್ತಿಲ್ಲ. ಮುಂಚಿನ ಓಟ, ಆಮೇಲಿನ ಓಟ, ಎರಡೂ ಒಂದೇ. ಮೂರು ಎನ್ನುವುದು ನಡುವಿನ ನಂಬರ್, ಅದನ್ನೇ ಎಲ್ಲರಿಗೂ ಹೇಳುತ್ತಿದ್ದೇನೆ.

ಫೆಬ್ರವರಿ 12

ಬ್ಯಾಂಕಿನವರೊಬ್ಬರ ಕಾರು. ಮೂರನೇ ಸೆಟ್ಟಿಂಗ್ ಅಂದೆ. ಕೊಟ್ಟು ಕಳಿಸಿದೆವು.

ಫೆಬ್ರವರಿ 13

ಬೆಳಿಗ್ಗೆ ಮೈದುನ ಮೇಜಿನ ಮುಂದೆ ಬೆಪ್ಪಾಗಿ ನಿಂತಿದ್ದ. ಮೇಜಿನ ಮೇಲೆ ಒಂದು ಮಾಡ್ಯೂಲ್ ಇತ್ತು.

"ಅತ್ತಿಗೆ, ಇದು ಆ ಬ್ಯಾಂಕಿನವರದ್ದು."

ಮಾಡ್ಯೂಲ್ ಬೇಡವೆನಿಸಿದಾಗ ಕಾರನ್ನು ಮೊದಲಿನ ಹಾಗೆ ಓಡಿಸಲು ಅದರ ಜಾಗದಲ್ಲಿ ಸಿಕ್ಕಿಸುವ ಒಂದು ಖಾಲಿ ಪ್ಲಗ್ ಇರುತ್ತದೆ. ವೈರುಗಳನ್ನೆಲ್ಲ ಎಳೆದು ಕಟ್ಟುವಾಗ ತುದಿಗೆ ಆ ಪ್ಲಗ್ ಹಾಕಿ, ಕೊನೆಗೆ ಅದನ್ನು ತೆಗೆದು ಪೆಟ್ಟಿಗೆ ಸಿಕ್ಕಿಸಬೇಕು. ಅವನು ಆ ಕೊನೆಯ ಕೆಲಸ ಮರೆತಿದ್ದಾನೆ. ನಾನು ಏನೂ ಇಲ್ಲದ ಕಾರನ್ನು ಟ್ಯಾಂಕಿನ ಏರು ಹತ್ತಿಸಿ, ಇಳಿಸಿ, ಮೂರನೇ ಸೆಟ್ಟಿಂಗ್ ಸರಿಹೋಗಿದೆ ಎಂದು ಹೇಳಿ ಕಳಿಸಿದ್ದೇನೆ.

ಫೋನ್ ಮಾಡೋಣ ಎನ್ನುವಷ್ಟರಲ್ಲಿ ಅವರದೇ ಫೋನ್ ಬಂತು. ಮೈದುನ ಸ್ಪೀಕರ್ ಹಾಕಿದ.

"ಏನ್ರೀ ಮಾಡಿದೀರಿ ನನ್ನ ಕಾರಿಗೆ? ಹಕ್ಕಿ ಆಗಿಬಿಟ್ಟಿದೆ. ನಮ್ಮನೆಯವಳು ನಿಧಾನ ಓಡಿಸಿ ಅಂತ ಬೈತಿದಾಳೆ."

ಫೋನ್ ಇಟ್ಟ ಮೇಲೆ ಮೈದುನ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. "ಇದೇ ಒಳ್ಳೇ ವ್ಯಾಪಾರ ಅತ್ತಿಗೆ. ಪೆಟ್ಟಿಗೇನೇ ಬೇಡ, ಬರೀ ಬಾನೆಟ್ ಎತ್ತಿ ಮುಚ್ಚಿ ಕಳಿಸೋಣ."

ಸಂಜೆ ಅವರನ್ನು ಕರೆಸಿ, ವೈರು ಸಡಿಲವಿರಬಹುದು ನೋಡುತ್ತೇವೆ ಎಂದು ಹೇಳಿ ಪೆಟ್ಟಿಗೆ ಸಿಕ್ಕಿಸಿ ಕಳಿಸಿದೆವು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಾಚಿಕೆ ಎನ್ನುವುದು ಯಾರದೋ ಮನೆಯ ಸಾಮಾನಿನ ಹಾಗೆ ದೂರದಲ್ಲಿತ್ತು.

ಫೆಬ್ರವರಿ 14

ಮೈದುನನಿಗೆ ನಿಜ ಹೇಳಿದೆ. ನನಗೆ ಏನೂ ಗೊತ್ತಾಗುತ್ತಿಲ್ಲ, ಬಾಯಿಗೆ ಬಂದ ನಂಬರ್ ಹೇಳುತ್ತಿದ್ದೇನೆ ಎಂದೆ. ಅವನು ನಗಲಿಲ್ಲ.

"ಲ್ಯಾಪ್‌ಟಾಪ್ ಸಿಕ್ಕಿಸಿ ನೋಡೋಣ. ಒತ್ತಡ, ಗಾಳಿ, ಬಿಸಿ ಎಲ್ಲ ಅದ್ರಲ್ಲೇ ಬರುತ್ತೆ. ನೀವು ಸುಮ್ನೆ ಓಡಿಸಿ ಸಾಕು."

"ಅದು ಎಂಜಿನ್ ಹೇಳೋದನ್ನ ಮಾತ್ರ ಹೇಳುತ್ತೆ ಕಣೋ. ಕಾರಿನ ಮಿಕ್ಕ ಭಾಗಕ್ಕೆ ಅಷ್ಟು ಜೋರು ತಡೆಯೋ ಶಕ್ತಿ ಇದೆಯಾ ಇಲ್ವಾ ಅಂತ ಯಾರು ಹೇಳ್ಬೇಕು? ಹಳೇ ಕ್ಲಚ್ ಇರೋ ಕಾರಿಗೆ ಐದು ಹಾಕಿ ಕಳಿಸಿ, ಲಾರಿ ಹಿಂದೆ ಹಾಕೋಕೆ ಹೋದಾಗ ಕ್ಲಚ್ ಕೈಕೊಟ್ರೆ? ಮನುಷ್ಯರು ಕೂತಿರ್ತಾರೆ ಅದ್ರಲ್ಲಿ."

ಇದನ್ನೆಲ್ಲ ನಾನು ದಿನಸಿ ಚೀಟಿ ಓದುವ ಧಾಟಿಯಲ್ಲಿ ಹೇಳಿದೆ. ಈ ತಿಂಗಳ ಕೊನೆಯ ತನಕ ನೋಡೋಣ ಎಂದು ಮಾತಾಯಿತು. ಅಷ್ಟರಲ್ಲಿ ಬೆನ್ನು ಸರಿಹೋಗದಿದ್ದರೆ ಷಟರ್ ಎಳೆಯುವುದು. ಗೊತ್ತಿಲ್ಲದೆ ಗೊತ್ತು ಅನ್ನುವ ಅಂಗಡಿ ಅವರ ಹೆಸರಿನಲ್ಲಿ ನಡೆಯುವುದು ಬೇಡ. ಅಲ್ಲಿಯವರೆಗೆ ಯಾರಿಗೂ ಎರಡಕ್ಕಿಂತ ಮೇಲೆ ಹಾಕುವುದು ಬೇಡವೆಂದೆ.

ಫೆಬ್ರವರಿ 17

ಒಂದು ಕಾರು. ಎರಡನೇ ಸೆಟ್ಟಿಂಗ್. ಬೆನ್ನು ಮರದ ಹಲಗೆ.

ಫೆಬ್ರವರಿ 19

ಮಗಳು ಕಾಲೇಜಿನಿಂದ ಬಂದು ತಾನೇ ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ನನ್ನ ಬಟ್ಟೆ ಮಡಿಸಿಡುತ್ತಾಳೆ. ಮುಂಚೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಅಪ್ಪನಿಗೂ ಅವಳಿಗೂ ವಾರಕ್ಕೊಂದು ಯುದ್ಧ. ಈಗ ಟವೆಲ್ ತಂತಿಯ ಮೇಲೆ ನೆಟ್ಟಗೆ ಇರುತ್ತದೆ. ಎದುರು ಮನೆಯವರು, "ಎಷ್ಟು ಗಟ್ಟಿ ಹುಡುಗಿ, ಕಣ್ಣಲ್ಲಿ ಒಂದು ಹನಿ ನೀರಿಲ್ಲ, ನಿಮ್ಮ ಹಾಗೇ" ಅಂದರು. ಹೌದು ಅಂದೆ. ಅವಳ ಚಿಂತೆ ಒಂದು ನನಗಿಲ್ಲ.

ಫೆಬ್ರವರಿ 22

ಮೈದುನನ ಶಿಳ್ಳೆ ಸಾಕಾಗಿಹೋಗಿದೆ. ಯಾವುದೋ ಹಾಡಿನ ಅರ್ಧ ಸಾಲು, ಬೆಳಿಗ್ಗೆಯಿಂದ ಸಂಜೆಯ ತನಕ ಅದೇ ಅರ್ಧ. ಇಷ್ಟು ದಿನ ಹೊಡೆಯುತ್ತಿದ್ದನೋ ಇವತ್ತೇ ಶುರುಮಾಡಿದನೋ. ಪೂರ್ತಿ ಹಾಡು ಇಲ್ಲವೇ ಬಾಯಿ ಮುಚ್ಚು ಎಂದೆ. "ಅಬ್ಬಾ, ಅತ್ತಿಗೆ ಬೈದ್ರು" ಎಂದು ಹಲ್ಲು ಕಿರಿದ. ಬೈಸಿಕೊಂಡದ್ದಕ್ಕೆ ಅಷ್ಟು ಖುಷಿ ಯಾಕೋ.

ಇವತ್ತು ಬಂದ ಕಾರಿನಲ್ಲಿ ಕನ್ನಡಿಗೆ ನೇತುಹಾಕಿದ್ದ ಸುವಾಸನೆಯ ಬಿಲ್ಲೆ ತಲೆನೋವು ತರಿಸಿತು. ಸೀಟಿನ ಕವರ್ ಬೇರೆ ಚುಚ್ಚುತ್ತಿತ್ತು. ಓಡಿಸುವ ಮುಂಚೆ ಬಿಲ್ಲೆ ಕಿತ್ತು ಹಿಂದಕ್ಕೆ ಎಸೆದೆ. ಗಂಟುಮುಖ ಹಾಕಿಕೊಂಡೇ ಮನೆಗೆ ಬಂದೆ. ಊಟಕ್ಕೆ ಕೂತರೆ ಎಲ್ಲದಕ್ಕೂ ಉಪ್ಪು ಜಾಸ್ತಿ. ಮಗಳಿಗೆ ಹೇಳಿದೆ.

"ಜಾಸ್ತಿನಾ? ಮೊದಲಿಂದ ಇಷ್ಟೇ ಹಾಕ್ತಿದೀನಲ್ಲಮ್ಮ" ಅಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ತಟ್ಟೆ ಸರಿಸಿ ಎದ್ದೆ. ವಯಸ್ಸಾಗುತ್ತ ಸಿಡುಕು ಬರುತ್ತದಂತೆ, ಅದಿರಬೇಕು.

ಫೆಬ್ರವರಿ 24

ಏನೂ ಇಲ್ಲ. ಬೆನ್ನಿಗೂ ಏನೂ ಇಲ್ಲ. ನಾಲ್ಕು ದಿನ ಉಳಿದಿದೆ.

ಫೆಬ್ರವರಿ 26

ಅಂಗಡಿ ಮುಚ್ಚುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ಇಳಿಸಿ ಪೆಟ್ಟಿಗೆಗೆ ಹಾಕತೊಡಗಿದೆ. ಮೈದುನನೂ ಎರಡು ಇಳಿಸಿಕೊಟ್ಟ.

ಮಧ್ಯಾಹ್ನ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಡ್ರೈವರ್ ಬಂದರು. ಹಿಂದೆ ಎರಡು ಸಾಲು ಸೀಟಿರುವ ದೊಡ್ಡ ಡೀಸೆಲ್ ಕಾರು. ಶಾಲೆ ಗುಡ್ಡದ ಮೇಲಿದೆ, ಮಕ್ಕಳು ತುಂಬಿದರೆ ಏರು ಹತ್ತುವಾಗ ಕಾರು ತೆವಳುತ್ತದೆ, ಹಿಂದಿನವರು ಹಾರ್ನ್ ಹೊಡೆದು ಪ್ರಾಣ ತಿನ್ನುತ್ತಾರೆ ಎಂದರು. "ನಿಮ್ಮ ಯಜಮಾನ್ರು ನವೆಂಬರ್‌ನಲ್ಲೇ ಮಾತು ಕೊಟ್ಟಿದ್ರು, ಐದಕ್ಕೆ ಇಟ್ಟು ಕೊಡ್ತೀನಿ ಅಂತ."

ಐದು ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವರು ಮಾತು ಕೊಟ್ಟಿದ್ದಾರೆ. ನಾಳೆ ಬನ್ನಿ ಎಂದೆ. ಕೊನೆಯ ಕಾರು ಇದು, ಅವರ ಮಾತೊಂದು ಉಳಿಯಲಿ. ಲ್ಯಾಪ್‌ಟಾಪ್ ಸರಿ ಎಂದರೆ ಐದೇ ಹಾಕಿ ಕೊಡುವುದು.

ಫೆಬ್ರವರಿ 27

ಕೈ ಉರಿಯುತ್ತಿದೆ, ಅಕ್ಷರ ಅಡ್ಡಾದಿಡ್ಡಿ ಬರುತ್ತಿದೆ. ಇರಲಿ, ಯಾರು ಓದಬೇಕು.

ಬೆಳಿಗ್ಗೆ ಮಾಡ್ಯೂಲ್ ಹಾಕುವ ಮುಂಚೆ ಏರಿಗೆ ಹೋಗಿಬಂದೆ. ಕಾರಿನೊಳಗೆ ಪೆನ್ಸಿಲ್ ಕೆತ್ತಿದ ವಾಸನೆ, ಹಿಂದಿನ ಸೀಟಿನಲ್ಲಿ ಒಂದೇ ಒಂದು ಪುಟ್ಟ ಸಾಕ್ಸು. ಕಾರು ಮುದುಕನ ಹಾಗೆ ಹತ್ತಿತು, ಆದರೆ ಹತ್ತಿತು. ಬೆನ್ನನ್ನು ಮೆಲ್ಲಗೆ ತಳ್ಳಿತು, ಕೊನೆತನಕ ಕೈಬಿಡಲಿಲ್ಲ. ಮೈದುನ ಪೆಟ್ಟಿಗೆ ಸಿಕ್ಕಿಸಿ ಗುಂಡಿಯನ್ನು ಐದಕ್ಕೆ ತಿರುಗಿಸಿದ. ನಾನು ಮತ್ತೆ ಹೊರಟೆ. ಅವನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತ.

ಏರಿನ ಬುಡದಲ್ಲಿ ಮೂರನೇ ಗೇರು ಹಾಕಿ ಕಾಲು ಒತ್ತಿದೆ. ಎಂಜಿನ್ನಿನ ಸದ್ದು ಒಂದೇ ಸಮ ಮೇಲೆ ಹೋಯಿತು. ನಾನು ಇದ್ದಲ್ಲೇ ಇದ್ದೆ. ಸದ್ದು ಮುಂದೆ ಹೋಯಿತು, ಮೈ ಹಿಂದೆ ಉಳಿಯಿತು. ಇದು ನನ್ನ ಬೆನ್ನಿನ ಹಾಳು ಹಣೆಬರಹವೇ ಇರಬೇಕು ಎಂದುಕೊಂಡೆ. ತಿರುಗಿಸಿಕೊಂಡು ಬಂದು ಮತ್ತೆ ಹತ್ತಿಸಿದೆ. ಮತ್ತೆ ಹಾಗೇ. ಬೆಳಿಗ್ಗೆ ತಳ್ಳಿದಷ್ಟೂ ಈಗ ತಳ್ಳುತ್ತಿಲ್ಲ. ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆ ಸಣ್ಣಗೆ ಮೂಗಿಗೆ ಬಂತು. ನನ್ನ ಹಿಂದಿನ ಎರಡು ಸಾಲು ಸೀಟು ಕನ್ನಡಿಯಲ್ಲಿ ಕಾಣುತ್ತಿತ್ತು. ಎದೆ ಧಸಕ್ಕೆಂದಿತು.

"ಎಲ್ಲ ಹಸಿರು ಅತ್ತಿಗೆ. ಒತ್ತಡ ಪಸಂದಾಗಿದೆ" ಅಂದ ಮೈದುನ.

"ಎಂಜಿನ್ ಪಸಂದಾಗಿದೆ. ಚಕ್ರಕ್ಕೆ ಬರ್ತಿಲ್ಲ."

ಅಂಗಡಿಗೆ ಬಂದು ಡ್ರೈವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಕ್ಲಚ್ ಹೋದ ತಿಂಗಳು ತಾನೇ ನೋಡ್ಸಿದೀನಿ ಅಮ್ಮ. ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲ." ಇದ್ದ ಜೋರಿಗೆ ತೊಂದರೆ ಕೊಟ್ಟಿಲ್ಲ, ನಾವು ಕೊಡುತ್ತಿರುವ ಜೋರಿಗೆ ಕೊಡುತ್ತದೆ ಎಂದೆ. ಪಕ್ಕದಲ್ಲಿ ಕೂರಿಸಿಕೊಂಡು ಏರು ಹತ್ತಿಸಿ ತೋರಿಸಿದೆ. ಅವರಿಗೆ ಏನೂ ಗೊತ್ತಾಗಲಿಲ್ಲ. "ಚೆನ್ನಾಗೇ ಹೋಗ್ತಿದೆಯಲ್ಲ" ಅಂದರು. ಮೈದುನ ನನ್ನನ್ನೂ ಅವರನ್ನೂ ನೋಡಿ, "ಎರಡಕ್ಕೆ ಇಳಿಸಿ ಕೊಡೋಣ್ವಾ?" ಅಂದ.

"ಒಂದಕ್ಕೂ ಇಲ್ಲ. ಮೊದಲು ಕ್ಲಚ್ ಹೊಸದು ಹಾಕಿಸ್ಲಿ."

"ನಿಮ್ಮ ಯಜಮಾನ್ರು ಮಾತು ಕೊಟ್ಟಿದ್ರು" ಅಂದರು ಡ್ರೈವರ್.

ನಾನು ಬಾನೆಟ್ ಎತ್ತಿದೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷವಾದರೂ ಬಿಡಬೇಕು, ಕಂಪ್ಯೂಟರ್ ಮಲಗಬೇಕು, ಪೈಪುಗಳು ಆರಬೇಕು. ಇದನ್ನು ಮೈದುನನಿಗೆ ಹೇಳಿಕೊಟ್ಟವಳೇ ನಾನು. ಒಂದನ್ನೂ ಕಾಯದೆ ಕೈ ಹಾಕಿ ಪೆಟ್ಟಿಗೆ ಎಳೆದೆ. ಮುಂಗೈ ಟರ್ಬೋ ಪಕ್ಕದ ಪೈಪಿಗೆ ತಗುಲಿತು. ಚರ್ಮ ಚುರ್ ಎಂದದ್ದು ಕೇಳಿಸಿತು.

ಆಮೇಲೆ ಏನು ಕೂಗಿದೆ ಎನ್ನುವುದನ್ನು ಬರೆಯಲು ಸಂಕೋಚವಾಗುತ್ತದೆ. ಡ್ರೈವರಿಗಲ್ಲ, ಮೈದುನನಿಗಲ್ಲ, ನನ್ನ ಗಂಡನಿಗೇ ಕೂಗಿದೆ. "ಮಾತು ಕೊಟ್ಟು ನಡೆದುಬಿಟ್ರೆ ಆಯ್ತಾ? ಡಬ್ಬಿ ತೊಳೀತಾ ತೊಳೀತಾ ಹೋಗಿಬಿಡೋದಾ? ಗೇಟಲ್ಲಿ ನಿಂತಿರ್ಬೇಕು ತಾನೇ ನೀವು? ನಾನು ಯಾರಿಗೆ ಹೇಳ್ಲಿ ನಂಬರ್?" ಎದುರಿಗೆ ನಿಂತಿದ್ದಾರೇನೋ ಎನ್ನುವ ಹಾಗೆ ಪೆಟ್ಟಿಗೆಯನ್ನು ಆಡಿಸುತ್ತ ಕೂಗಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಡ್ರೈವರ್ ಮುಖ ತಗ್ಗಿಸಿದರು. ಕಂಪ್ಯೂಟರ್ ಎಚ್ಚರವಿದ್ದಾಗಲೇ ಕಿತ್ತದ್ದಕ್ಕೆ ಕಾರಿನಲ್ಲಿ ಎಚ್ಚರಿಕೆಯ ದೀಪ ಹತ್ತಿತ್ತು. ಮೈದುನ ಸೆನ್ಸರಿನ ವೈರನ್ನು ಮೊದಲಿನಂತೆ ಜೋಡಿಸಿ, ಲ್ಯಾಪ್‌ಟಾಪಿನಿಂದ ದೀಪವನ್ನು ಆರಿಸಿಕೊಟ್ಟ. ಡ್ರೈವರ್ ಹೊರಡುವಾಗ, "ಬೇರೆ ಕಡೆ ನೋಡ್ತೀನಮ್ಮ" ಅಂದರು. ಕ್ಲಚ್ ಹಾಕಿಸುತ್ತಾರೋ, ಇನ್ನೆಲ್ಲಾದರೂ ಹೋಗಿ ಐದು ಹಾಕಿಸಿಕೊಳ್ಳುತ್ತಾರೋ ಗೊತ್ತಿಲ್ಲ. ಅವರ ನಂಬರ್ ಇದೆ, ನಾಳೆ ಫೋನ್ ಮಾಡಿ ಮತ್ತೆ ಹೇಳಬೇಕು. ನಾಡಿದ್ದೂ ಹೇಳಬೇಕು. ಬೈದರೆ ಬೈಯಲಿ.

ಷಟರ್ ಎಳೆಯುವಾಗ ಮೈದುನ, "ನಾಳೆ ಎಷ್ಟೊತ್ತಿಗೆ ತೆಗೀಲಿ ಅತ್ತಿಗೆ?" ಅಂದ.

"ಯಾವಾಗ್ಲೂ ತೆಗೆಯೋ ಹೊತ್ತಿಗೆ. ಅದೆಂಥ ಪ್ರಶ್ನೆ?" ಎಂದೆ. ಅವನು ತಲೆಯಾಡಿಸಿ ಶಿಳ್ಳೆ ಹೊಡೆಯುತ್ತ ಹೋದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ನನ್ನ ಕೈ ನೋಡಿದವಳೇ ಅಡುಗೆಮನೆಗೆ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದಳು. ನೀರು ಬೀಳುತ್ತಿತ್ತು. ನಲ್ಲಿ ನಿಲ್ಲಿಸು ಎಂದೆ. ಇನ್ನೂ ಸ್ವಲ್ಪ ಹೊತ್ತು ಹಿಡೀಬೇಕಮ್ಮ ಅಂದಳು. ನಿಲ್ಲಿಸು ಎಂದು ಕಿರುಚಿದೆ. ನಿಲ್ಲಿಸಿದಳು. ಆಗ ನನ್ನ ಕಣ್ಣಿನಿಂದ ಧಾರೆಯಾಗಿ ಸುರಿಯತೊಡಗಿತು, ಮೂಗಿನಿಂದಲೂ. ಗೋಡೆ ಹಿಡಿದುಕೊಂಡೆ.

"ತುಂಬ ಉರೀತಿದೆಯಾ?" ಅಂದಳು.

ಹೌದು ಎಂದೆ. ಆಮೇಲೆ, "ಕೈ ಅಲ್ಲ" ಎಂದೆ.

ಅವಳು ಮುಲಾಮಿನ ಟ್ಯೂಬಿನ ಮುಚ್ಚಳವನ್ನು ತಿರುಗಿಸುತ್ತ ನಿಂತಿದ್ದಳು, ತೆಗೆಯುವುದು, ಮುಚ್ಚುವುದು. ಚಿಕ್ಕ ಮಗುವಿನ ಧ್ವನಿಯಲ್ಲಿ ಕೇಳಿದಳು:

"ಅಮ್ಮಾ, ಈಗ ನಾನೂ ಅಳಬಹುದಾ?"

ಬಾ ಎಂದೆ. ಬಂದು ನನ್ನ ಸುಟ್ಟ ಕೈಯ ಮೇಲೇ ಬಿದ್ದಳು. ಜೀವ ಹೋಗುವಷ್ಟು ನೋವಾಯಿತು. ಕೈ ತೆಗೆಯಲಿಲ್ಲ.